ಓದುಗರ ಪ್ರಶ್ನೆ, ನಮ್ಮ ಉತ್ತರ: ಊದಿದ ಕ್ಯಾಸೆಟ್ಟು, ಬಾತುಕೋಳಿಯ ಗನ್ನು ಮತ್ತು ಇತರ ಸಂಶಯಗಳು

ಬಾಲ್ಯದಲ್ಲಿ ಆಡಿದ ವಿಡಿಯೊ ಗೇಮ್‌ಗಳ ಬಗ್ಗೆ ಇಂದಿಗೂ ಬಗೆಹರಿಯದೆ ಉಳಿದಿರುವ ಸಂಶಯಗಳನ್ನು ಬರೆದು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಉಳಿದವರಿಗಿಂತ ಹೆಚ್ಚು ಉತ್ಸಾಹದಿಂದ ಬರೆದಿದ್ದಾರೆ. ಬಹುಶಃ ಮಳೆಗಾಲದಲ್ಲಿ ಮನೆಯೊಳಗೇ ಕುಳಿತ ಮಕ್ಕಳು ಅಲ್ಲಿ ಹೆಚ್ಚಿದ್ದರೆಂದು ತೋರುತ್ತದೆ. ಹೆಚ್ಚಿನ ಪತ್ರಗಳಲ್ಲಿ ಎರಡು ಪುಟ ನೆನಪುಗಳಿದ್ದು, ಪ್ರಶ್ನೆ ಕೊನೆಯ ಸಾಲಿನಲ್ಲಿ ಅಡಗಿ ಕುಳಿತಿದೆ. ಸ್ಥಳಾಭಾವದಿಂದ ನೆನಪುಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ಮಾರಿಯೋ ಆಟ ಬಾರದಿದ್ದಾಗ ಕ್ಯಾಸೆಟ್ಟನ್ನು ಹೊರಗೆ ತೆಗೆದು, ಅದರ ಬಾಯಿಗೆ ಜೋರಾಗಿ ಊದಿ, ಮತ್ತೆ ಹಾಕುತ್ತಿದ್ದೆವು. ಬಹುಪಾಲು ಆಟ ಬಂದೇ ಬರುತ್ತಿತ್ತು. ಊದುವುದರಲ್ಲಿ ಅಂಥದ್ದೇನಿತ್ತು? ಕೆಲವೊಮ್ಮೆ ಸಂಗೀತ ಸರಿಯಾಗಿ ಕೇಳಿಸುತ್ತಿದ್ದು, ಮಾರಿಯೋ ಮಾತ್ರ ಅಂಕಿ ಅಕ್ಷರಗಳ ಚೂರುಗಳಿಂದ ಮಾಡಿದವನಂತೆ ಕಾಣುತ್ತಿದ್ದುದು ಏಕೆ?
— ಪ್ರೌಢಶಾಲಾ ಶಿಕ್ಷಕರು, ಸಕಲೇಶಪುರ

ಉತ್ತರ: ಊದುವುದರಲ್ಲಿ ಏನೂ ಇರಲಿಲ್ಲ, ತೆಗೆದು ಮತ್ತೆ ಹಾಕುವುದರಲ್ಲಿಯೇ ಎಲ್ಲವೂ ಇತ್ತು. ಆ ಕ್ಯಾಸೆಟ್ಟಿನೊಳಗೆ ಟೇಪಿನ ಸುರುಳಿ ಇರುವುದಿಲ್ಲ. ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಆಟವನ್ನು ಅಳಿಸಲಾಗದಂತೆ ಬರೆದಿಟ್ಟ ಚಿಪ್ಪುಗಳು ಮತ್ತು ಬೋರ್ಡಿನ ಕೆಳ ಅಂಚಿನಲ್ಲಿ ಎರಡೂ ಬದಿ ಸೇರಿ 60 ಲೋಹದ ಪಟ್ಟಿಗಳು, ಇಷ್ಟೇ ಅದರ ಸಂಸಾರ. ಯಂತ್ರದೊಳಗಿನ ಪಿನ್ನುಗಳು ಈ ಪಟ್ಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿದಾಗ ಮಾತ್ರ ಆಟ ಓಡುತ್ತದೆ. ಪಟ್ಟಿಯ ಮೇಲೆ ಧೂಳೋ ಆಕ್ಸೈಡಿನ ತೆಳುವಾದ ಪದರವೋ ಕುಳಿತರೆ ಅಷ್ಟರಮಟ್ಟಿಗೆ ಸಂಪರ್ಕ ತಪ್ಪುತ್ತದೆ. ಕ್ಯಾಸೆಟ್ಟನ್ನು ಎಳೆದು ಮತ್ತೆ ತುರುಕಿದಾಗ ಪಿನ್ನು ಪಟ್ಟಿಗೆ ಉಜ್ಜಿ ಆ ಪದರ ಕೆರೆದುಹೋಗುತ್ತಿತ್ತು, ಮತ್ತು ಕೂರುವ ಜಾಗ ಕೂದಲೆಳೆಯಷ್ಟು ಬದಲಾಗುತ್ತಿತ್ತು. ಕೀರ್ತಿ ಮಾತ್ರ ಊದಿದವರ ಪಾಲಾಯಿತು. ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ, ಅದು ನಿಧಾನವಾಗಿ ಪಟ್ಟಿಗಳನ್ನು ತಿನ್ನುತ್ತದೆ. ಊದಬೇಡಿ ಎಂದು ಮೂಲ ಯಂತ್ರವನ್ನು ತಯಾರಿಸಿದ ನಿಂಟೆಂಡೊ ಕಂಪನಿಯೇ ಹೇಳಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆಯೇ ಒಣಗದ ನಿಮ್ಮ ಊರಿನಲ್ಲಿ ಕ್ಯಾಸೆಟ್ಟಿಗೆ ಬೇರೆ ತೇವದ ಅಗತ್ಯವಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆಯ ಎರಡನೆಯ ಭಾಗ ಇನ್ನೂ ಸ್ವಾರಸ್ಯಕರವಾಗಿದೆ. ನಮ್ಮಲ್ಲಿ ಮೀಡಿಯಾ ಮುಂತಾದ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಯಂತ್ರಗಳು, ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲುಗಳು. ಅದರ ರಚನೆಯಲ್ಲಿ ಎರಡು ಪ್ರತ್ಯೇಕ ದಾರಿಗಳಿವೆ: ಆಟದ ನಿಯಮಗಳನ್ನು, ಲೆಕ್ಕಾಚಾರವನ್ನು, ಸಂಗೀತವನ್ನು ಹೊತ್ತ ಚಿಪ್ಪು ಒಂದು ದಾರಿಯಲ್ಲಿ ಯಂತ್ರದ ಮುಖ್ಯ ಪ್ರೊಸೆಸರಿನೊಂದಿಗೆ ಮಾತನಾಡಿದರೆ, ಚಿತ್ರಗಳ ತುಣುಕುಗಳನ್ನು ಹೊತ್ತ ಚಿಪ್ಪು ಬೇರೆಯೇ ಪಿನ್ನುಗಳ ಮೂಲಕ ಚಿತ್ರ ಬಿಡಿಸುವ ಭಾಗದೊಂದಿಗೆ ಮಾತನಾಡುತ್ತದೆ. ಚಿತ್ರದ ದಾರಿಯ ಒಂದೆರಡು ಪಿನ್ನುಗಳು ಮಾತ್ರ ಕೈಕೊಟ್ಟರೆ ಆಟ ಎಂದಿನಂತೆ ಓಡುತ್ತದೆ, ಸಂಗೀತವೂ ಬರುತ್ತದೆ, ಮಾರಿಯೋ ಕೂಡ ಗುಂಡಿ ಒತ್ತಿದ ಕೂಡಲೇ ಜಿಗಿಯುತ್ತಾನೆ; ಆದರೆ ಯಂತ್ರ ಮಾರಿಯೋನ ತಲೆ ಕೇಳಿದರೆ ಕ್ಯಾಸೆಟ್ಟು ಇಟ್ಟಿಗೆಯ ತುಂಡನ್ನೋ ಏಳನೆಯ ಅಂಕಿಯನ್ನೋ ಕೊಡುತ್ತದೆ. ಅಂಥ ಚಿಂದಿ ಮಾರಿಯೋನನ್ನೇ ಹಿಡಿದುಕೊಂಡು ಧ್ವಜದ ಕಂಬದವರೆಗೆ ಆಡಿ ಮುಗಿಸುತ್ತಿದ್ದ ಹುಡುಗರು ಪ್ರತಿ ಬೀದಿಯಲ್ಲೂ ಒಬ್ಬಿಬ್ಬರಿದ್ದರು.

ಅಮೆರಿಕದ ಮಕ್ಕಳ ಕಷ್ಟ ಸ್ವಲ್ಪ ಬೇರೆಯಾಗಿತ್ತು. ಅಲ್ಲಿನ ಯಂತ್ರದಲ್ಲಿ ನಕಲಿ ಕ್ಯಾಸೆಟ್ಟುಗಳನ್ನು ತಡೆಯಲೆಂದೇ ಒಂದು ಕಾವಲು ಚಿಪ್ಪನ್ನು ಇಟ್ಟಿದ್ದರು. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅದು ಯಂತ್ರವನ್ನು ಮತ್ತೆ ಮತ್ತೆ ಮೊದಲಿನಿಂದ ಚಾಲೂ ಮಾಡುತ್ತಿದ್ದುದರಿಂದ ಪರದೆ ಮಿಟುಕುತ್ತಿತ್ತು. ಫ್ಯಾಮಿಕಾಮ್‌ನಲ್ಲಿ ಆ ಕಾವಲು ಇರಲಿಲ್ಲ. ಇದ್ದಿದ್ದರೆ ನಮ್ಮ ಕ್ಯಾಸೆಟ್ಟುಗಳ ಪೈಕಿ ಎಷ್ಟು ಓಡುತ್ತಿದ್ದವೆಂಬುದನ್ನು ಮುಂದಿನ ಪ್ರಶ್ನೆಯೇ ತಿಳಿಸುತ್ತದೆ.

ಪ್ರಶ್ನೆ: ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ ನಮ್ಮ ತಂದೆಯವರು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ವಿಡಿಯೊ ಗೇಮ್ ತಂದುಕೊಟ್ಟರು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿತ್ತು. ನಾನೂ ತಮ್ಮನೂ ಬೇಸಿಗೆ ರಜೆಯೆಲ್ಲ ಕುಳಿತು ಪಟ್ಟಿಯನ್ನು ಕೆಳಗಿಳಿಸುತ್ತಾ ಹೋದರೂ ಮತ್ತೆ ಮತ್ತೆ ಅವೇ ಆಟಗಳು ಬರುತ್ತಿದ್ದವು. ಇದು ಮೋಸವೇ? ಅದರಲ್ಲಿದ್ದ ಟ್ಯಾಂಕಿನ ಆಟವನ್ನು ತಯಾರಿಸಿದವರು ಯಾರು?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಲೆಕ್ಕದ ದೃಷ್ಟಿಯಿಂದ ಮೋಸ, ಸುಖದ ದೃಷ್ಟಿಯಿಂದ ಅಲ್ಲ. ಅಂಥ ಕ್ಯಾಸೆಟ್ಟುಗಳಲ್ಲಿ ನಿಜವಾಗಿ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಒಂದೇ ಹಿಟ್ಟಿನಿಂದ ಸಾದಾ ದೋಸೆ, ಸೆಟ್ ದೋಸೆ, ಉತ್ತಪ್ಪ ಎಂದು ಫಲಕ ತುಂಬಿಸಿದ ಹೋಟೆಲಿನಂತೆ, ಅದೇ ಮಾರಿಯೋ ಒಂದು ಸಂಖ್ಯೆಯಲ್ಲಿ ಮೊದಲ ಹಂತದಿಂದ, ಇನ್ನೊಂದರಲ್ಲಿ ಮೂರನೆಯ ಹಂತದಿಂದ, ಮತ್ತೊಂದರಲ್ಲಿ ಹೆಚ್ಚು ಲೈಫುಗಳೊಂದಿಗೆ ಬೇರೆ ಬೇರೆ ಹೆಸರು ಹೊತ್ತು ಬರುತ್ತಿದ್ದ. ಕೆಲವು ಕ್ಯಾಸೆಟ್ಟುಗಳಲ್ಲಿ ಈ ವೇಷಾಂತರದ ಶ್ರಮವನ್ನೂ ತೆಗೆದುಕೊಳ್ಳದೆ ಅದೇ ಪಟ್ಟಿಯನ್ನು ಮರಳಿ ಮರಳಿ ಮುದ್ರಿಸಿದ್ದರು. ನೀವು ರಜೆಯೆಲ್ಲ ಹುಡುಕಿದರೂ ಪಟ್ಟಿಯ ಕೊನೆಯಲ್ಲಿ ಹೊಸದೇನೂ ಸಿಗುವಂತಿರಲಿಲ್ಲ.

ಹಾಗೆಂದು ಇಷ್ಟು ಸಣ್ಣ ಡಬ್ಬಿಯಲ್ಲಿ ಒಂದಕ್ಕಿಂತ ಹೆಚ್ಚು ಆಟಗಳು ಹಿಡಿಸಿದ್ದಾದರೂ ಹೇಗೆಂದು ನೀವು ಕೇಳಬಹುದು. 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೂಪರ್ ಮಾರಿಯೋ ಬ್ರದರ್ಸ್, ಅದರ 32 ಹಂತಗಳು, ಸಂಗೀತ, ಶತ್ರುಗಳು ಎಲ್ಲ ಸೇರಿ ಒಟ್ಟು 40 ಕಿಲೋಬೈಟ್: 32 ಪ್ರೋಗ್ರಾಮಿಗೆ, 8 ಚಿತ್ರಗಳಿಗೆ. ಬೆಳಗಾಗುತ್ತಲೇ ಬಂಧುಗಳು ವಾಟ್ಸ್ಯಾಪಿಗೆ ಕಳುಹಿಸುವ ಒಂದು ಶುಭೋದಯದ ಚಿತ್ರವೇ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಾಗಿರುತ್ತದೆ. ಆ 8 ಕಿಲೋಬೈಟಿನಲ್ಲಿ ಹಿಡಿಯುವುದು 512 ಪುಟ್ಟ ಚೌಕದ ತುಣುಕುಗಳು ಮಾತ್ರ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅವರ ತಂಡ ಆ ತುಣುಕುಗಳನ್ನು ಎಷ್ಟು ಜಿಪುಣತನದಿಂದ ಖರ್ಚು ಮಾಡಿದೆಯೆಂದರೆ, ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಹಸಿರು. ಆ ಕಂದುಬಣ್ಣದ ಅಣಬೆಯಂಥ ಶತ್ರು ಎಡಬಲ ಕಾಲು ಹಾಕುತ್ತಾ ಬರುವಂತೆ ಕಾಣುವುದೂ ಒಂದೇ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ಮಗುಚುತ್ತಾ ಹೋಗುವುದರಿಂದ. ಇದನ್ನು ತಿಳಿದ ಮೇಲೆ ಒಮ್ಮೆ ಆಟದ ಮೊದಲ ಹಂತವನ್ನು ನೋಡಿ. ನೀವು ಅಷ್ಟು ಸಲ ಹಾರಿ ದಾಟಿದ ಪೊದೆ ಇನ್ನು ಮುಂದೆ ನಿಮಗೆ ಪೊದೆಯಾಗಿ ಕಾಣಲಾರದು.

ಟ್ಯಾಂಕಿನ ಆಟದ ಮೂಲ ಹೆಸರು ಬ್ಯಾಟಲ್ ಸಿಟಿ, ತಯಾರಿಸಿದ್ದು ಜಪಾನಿನ ನಾಮ್ಕೊ ಕಂಪನಿ, ವರ್ಷ 1985. ಅದನ್ನು ಯಾರೋ ಅನುಮತಿಯಿಲ್ಲದೆ ತಿದ್ದಿ ಟ್ಯಾಂಕ್ 1990 ಎಂಬ ಹೆಸರಿನಲ್ಲಿ ಹೊರತಂದರು. ನಮ್ಮ ಕ್ಯಾಸೆಟ್ಟುಗಳಲ್ಲಿ ಹೆಚ್ಚಾಗಿ ಇದ್ದುದು ಇದೇ. ಆ ಕಾಲದ ಆಟಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾವು ಮಾರಿಯೋನನ್ನು ಬಿಟ್ಟು ಇದನ್ನು ಉಳಿಸಿಕೊಳ್ಳುತ್ತೇವೆ. ಮಾರಿಯೋದಲ್ಲಿ ಒಬ್ಬ ಆಡುವಾಗ ಇನ್ನೊಬ್ಬ ಅವನು ಸಾಯಲೆಂದು ಕಾಯುತ್ತಾ ಕೂರಬೇಕು. ಟ್ಯಾಂಕಿನಲ್ಲಿ ಇಬ್ಬರೂ ಒಟ್ಟಿಗೆ, ಒಂದೇ ಪರದೆಯಲ್ಲಿ, ಕೆಳಗಡೆ ಇಟ್ಟಿಗೆಯ ಗೂಡಿನಲ್ಲಿ ಕುಳಿತ ಒಂದೇ ಹದ್ದನ್ನು ಕಾಯಬೇಕು. ಹಂತವೊಂದಕ್ಕೆ 20 ಶತ್ರು ಟ್ಯಾಂಕುಗಳು. ಒಬ್ಬ ಮುಂದೆ ನುಗ್ಗುವುದು, ಇನ್ನೊಬ್ಬ ಹದ್ದಿನ ಬಳಿಯೇ ನಿಲ್ಲುವುದು ಎಂದು ಮೊದಲೇ ಒಪ್ಪಂದವಾಗುತ್ತಿತ್ತು, ಒಂದು ನಿಮಿಷದಲ್ಲಿ ಮುರಿದೂ ಬೀಳುತ್ತಿತ್ತು. ಜೊತೆಗಾರನ ಗುಂಡು ತಗುಲಿದರೆ ನಿಮ್ಮ ಟ್ಯಾಂಕು ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ಕದಲಲಾರದೆ ನಿಲ್ಲುತ್ತದೆ. ಅಣ್ಣತಮ್ಮಂದಿರ ಜಗಳಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ನಿಯಮವನ್ನು ಯಾರೂ ರೂಪಿಸಿರಲಾರರು. ತೀರಾ ಸಿಟ್ಟು ಬಂದವನು ತಮ್ಮದೇ ಹದ್ದಿಗೆ ಗುಂಡು ಹಾರಿಸಿ ಇಬ್ಬರ ಆಟವನ್ನೂ ಮುಗಿಸಬಹುದಿತ್ತು. ಹಂತವನ್ನು ನಾವೇ ಕಟ್ಟಿಕೊಳ್ಳುವ ಸೌಲಭ್ಯವೂ ಅದರಲ್ಲಿತ್ತು. ಹದ್ದಿನ ಸುತ್ತ ಇಟ್ಟಿಗೆಯ ಬದಲು ಉಕ್ಕಿನ ಗೋಡೆ ಕಟ್ಟಿ, ಆಮೇಲೆ ಆಟದಲ್ಲಿ ರುಚಿಯೇ ಉಳಿದಿಲ್ಲವೆಂದು ಮತ್ತೆ ಕೆಡವಿದವರು ನೀವೂ ಇರಬಹುದು.

ಪ್ರಶ್ನೆ: ವಿಡಿಯೊ ಗೇಮ್ ಆಡಿದರೆ ಟಿ.ವಿ.ಯ ಪಿಕ್ಚರ್ ಟ್ಯೂಬ್ ಹಾಳಾಗುತ್ತದೆಂದು ನಾನು ಮಕ್ಕಳನ್ನು ಬೈಯುತ್ತಿದ್ದೆ. ಈಗ ಅವರು, ಅದೆಲ್ಲ ಸುಳ್ಳು ಎಂದು ನನ್ನನ್ನು ಛೇಡಿಸುತ್ತಾರೆ. ಯಾರ ಮಾತು ಸರಿ?
— ನಿವೃತ್ತ ಸರ್ಕಾರಿ ನೌಕರರು, ಕಡೂರು

ಉತ್ತರ: ತಮ್ಮ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಪಿಕ್ಚರ್ ಟ್ಯೂಬಿನ ಒಳಮೈಗೆ ಹಚ್ಚಿದ, ಬೆಳಕು ಸೂಸುವ ಫಾಸ್ಫರ್ ಲೇಪವು, ಒಂದೇ ಸ್ಥಿರಚಿತ್ರ ಬಹುಕಾಲ ನಿಂತರೆ ಆ ಜಾಗದಲ್ಲಿ ಸವೆದು, ಟಿ.ವಿ. ಆರಿಸಿದ ಮೇಲೂ ಚಿತ್ರದ ನೆರಳು ಉಳಿಯುತ್ತದೆ. ಹಗಲು ರಾತ್ರಿ ಓಡುತ್ತಿದ್ದ ಪ್ಯಾಕ್‌ಮ್ಯಾನ್ ಯಂತ್ರಗಳ ಪರದೆಗಳಲ್ಲಿ ಆ ಚಕ್ರವ್ಯೂಹದ ಗೆರೆಗಳು ಹೀಗೆಯೇ ಅಚ್ಚೊತ್ತಿ ಉಳಿದಿವೆ. ಆದರೆ ಮನೆಯ ಮಕ್ಕಳು ಸಂಜೆ ಒಂದೆರಡು ಗಂಟೆ ಆಡಿದ್ದರಿಂದ, ಅದೂ ಚಿತ್ರ ಸದಾ ಚಲಿಸುವ ಆಟಗಳಿಂದ, ಟ್ಯೂಬು ಕೆಡುವ ಸಂಭವ ಇರಲಿಲ್ಲವೆಂದೇ ಹೇಳಬೇಕು. ನಮ್ಮ ಕಡೆ ಟಿ.ವಿ.ಗಳಿಗೆ ವಿಡಿಯೊ ಗೇಮಿಗಿಂತ ಅಪಾಯಕಾರಿಯಾಗಿದ್ದುದು ವೋಲ್ಟೇಜಿನ ಏರಿಳಿತ ಮತ್ತು ಮುಂಗಾರು ಪೂರ್ವದ ಸಿಡಿಲು. ಸ್ಟೆಬಿಲೈಜರ್ ಕೊಂಡ ಮನೆಯವರಿಗೆ ಇದು ಚೆನ್ನಾಗಿ ಗೊತ್ತು.

ಅಪಾಯ ಇದ್ದುದು ಒಂದೇ ಸಂದರ್ಭದಲ್ಲಿ. ಆಟವನ್ನು ಅರ್ಧಕ್ಕೆ ಉಳಿಸಿಡುವ ವ್ಯವಸ್ಥೆ ಆ ಕ್ಯಾಸೆಟ್ಟುಗಳಲ್ಲಿ ಇರಲಿಲ್ಲವಾದ್ದರಿಂದ, ಕೆಲವು ಮಕ್ಕಳು ಊಟಕ್ಕೋ ಟ್ಯೂಷನ್ನಿಗೋ ಹೋಗುವಾಗ ಆಟವನ್ನು ನಿಲ್ಲಿಸಿ ಟಿ.ವಿ.ಯನ್ನು ಹಾಗೆಯೇ ಉರಿಯಲು ಬಿಟ್ಟು ಹೋಗುತ್ತಿದ್ದರು. ಅದಕ್ಕೆ ಬೈದಿದ್ದರೆ ತಾವು ಸಂಪೂರ್ಣ ಸರಿ. ಟಿ.ವಿ.ಗೆ ತೀರಾ ಹತ್ತಿರ ಕುಳಿತುಕೊಳ್ಳುತ್ತಾರೆಂದು ಬೈದಿದ್ದರೆ, ರಿಮೋಟಿನ ವೈರು ಅಷ್ಟೇ ಉದ್ದ ಇತ್ತೆಂಬುದನ್ನು ಮಕ್ಕಳ ಪರವಾಗಿ ಗಮನಕ್ಕೆ ತರುತ್ತೇವೆ.

ಪ್ರಶ್ನೆ: ನಮ್ಮ ಸೋದರಮಾವ ಬೆಂಗಳೂರಿನಿಂದ ತಂದ ವಿಡಿಯೊ ಗೇಮಿನ ಜೊತೆ ಬಾತುಕೋಳಿ ಹೊಡೆಯುವ ಗನ್ನೂ ಇತ್ತು. ಗನ್ನಿನಿಂದ ಟಿ.ವಿ.ಗೆ ಏನೂ ಹಾರುವುದಿಲ್ಲ, ಆದರೂ ಗುರಿ ತಗುಲಿದ್ದು ಟಿ.ವಿ.ಗೆ ಹೇಗೆ ತಿಳಿಯುತ್ತಿತ್ತು? ಈಗಿನ ಎಲ್.ಇ.ಡಿ. ಟಿ.ವಿ.ಯಲ್ಲಿ ನನ್ನ ಮಗಳಿಗೆ ತೋರಿಸಲು ಹೋದರೆ ಒಂದು ಬಾತುಕೋಳಿಯೂ ಬೀಳಲಿಲ್ಲ.
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಗನ್ನಿನಿಂದ ಟಿ.ವಿ.ಗೆ ಏನೂ ಹೋಗುತ್ತಿರಲಿಲ್ಲ, ಟಿ.ವಿ.ಯಿಂದಲೇ ಗನ್ನಿಗೆ ಬೆಳಕು ಬರುತ್ತಿತ್ತು. ಗನ್ನಿನ ನಳಿಕೆಯೊಳಗೆ ಒಂದು ಮಸೂರವೂ ಬೆಳಕನ್ನು ಗ್ರಹಿಸುವ ಒಂದು ಸಣ್ಣ ಬಿಡಿಭಾಗವೂ ಇರುತ್ತವೆ. ಕುದುರೆ ಎಳೆದ ಮರುಕ್ಷಣ ಆಟವು ಇಡೀ ಪರದೆಯನ್ನು ಕಪ್ಪಾಗಿಸುತ್ತದೆ, ಅದರ ಹಿಂದೆಯೇ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿಯ ಚೌಕವನ್ನು ಬಿಡಿಸುತ್ತದೆ. ಎರಡು ಬಾತುಕೋಳಿಗಳಿದ್ದರೆ ಮೊದಲು ಒಂದರ ಜಾಗದಲ್ಲಿ, ಅನಂತರ ಇನ್ನೊಂದರ ಜಾಗದಲ್ಲಿ. ಗನ್ನು ಮೊದಲು ಕತ್ತಲನ್ನೂ ಆಮೇಲೆ ಬೆಳಕನ್ನೂ ಕಂಡರೆ ಗುರಿ ತಗುಲಿದೆ ಎಂದು ಲೆಕ್ಕ. ಬೆಳಕು ಯಾವ ಚೌಕದ ಸರದಿಯಲ್ಲಿ ಬಂತೆಂಬುದರ ಮೇಲೆ ಯಾವ ಬಾತುಕೋಳಿ ಸತ್ತಿತೆಂಬುದೂ ನಿರ್ಧಾರವಾಗುತ್ತದೆ. ಒಂದು ಸೆಕೆಂಡನ್ನು ಅರವತ್ತು ಭಾಗ ಮಾಡಿದರೆ, ಇಷ್ಟೆಲ್ಲ ನಡೆಯುವುದು ಅಂಥ ಕೆಲವೇ ಭಾಗಗಳಲ್ಲಿ. ಗುಂಡು ಹಾರಿದಾಗ ಪರದೆ ಮಿಂಚಿದಂತೆ ನಿಮಗೆ ಕಂಡಿದ್ದರೆ ಅದು ಇದೇ. ಗನ್ನನ್ನು ಬಲ್ಬಿಗೆ ಹಿಡಿದು ಮೋಸ ಮಾಡಲು ನೋಡಿದವರು ಸೋಲುತ್ತಿದ್ದುದೂ ಇದರಿಂದಲೇ: ಬಲ್ಬಿನಲ್ಲಿ ಬೆಳಕುಂಟು, ಅದಕ್ಕೆ ಮೊದಲು ಬರಬೇಕಾದ ಕತ್ತಲಿಲ್ಲ.

ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಸಂಕೇತ ಬಂದಂತೆಲ್ಲ ಆ ಕ್ಷಣವೇ ಸಾಲುಸಾಲಾಗಿ ಚಿತ್ರ ಮೂಡುತ್ತಿತ್ತು, ಆಟದ ಲೆಕ್ಕಾಚಾರ ಅದನ್ನೇ ನಂಬಿಕೊಂಡಿತ್ತು. ಎಲ್.ಇ.ಡಿ. ಟಿ.ವಿ. ಮೊದಲು ಚಿತ್ರವನ್ನು ತನ್ನಲ್ಲಿ ಇಟ್ಟುಕೊಂಡು, ಹಿಗ್ಗಿಸಿ, ತಿದ್ದಿ, ತುಸು ತಡವಾಗಿ ತೋರಿಸುತ್ತದೆ. ಬಿಳಿಯ ಚೌಕ ಪರದೆಗೆ ಬರುವ ಹೊತ್ತಿಗೆ ಆಟ ಕೇಳಿಸಿಕೊಳ್ಳುವುದನ್ನು ನಿಲ್ಲಿಸಿಯಾಗಿರುತ್ತದೆ. ಆದ್ದರಿಂದ ನಿಮ್ಮ ಗುರಿಯೂ ಗನ್ನೂ ಸರಿಯಾಗಿಯೇ ಇರಬಹುದು. ಮಗಳಿಗೆ ತೋರಿಸಬೇಕಾದರೆ ಡಬ್ಬದಂಥ ಹಳೆಯ ಟಿ.ವಿ.ಯನ್ನೇ ಹುಡುಕಬೇಕು. ಅದು ಸಿಕ್ಕರೆ ಇನ್ನೊಂದನ್ನೂ ತೋರಿಸಿ: ಒಂದೇ ಬಾತುಕೋಳಿಯ ಆಟದಲ್ಲಿ ಎರಡನೆಯ ರಿಮೋಟಿನಿಂದ ಬಾತುಕೋಳಿಯನ್ನು ಹಾರಿಸಬಹುದು. ಗುರಿ ತಪ್ಪಿದಾಗ ಹುಲ್ಲಿನ ನಡುವಿನಿಂದ ಎದ್ದು ನಗುವ ನಾಯಿಯನ್ನು ಹೊಡೆಯಲು ಮಾತ್ರ ಮನೆಯ ಆಟದಲ್ಲಿ ಅವಕಾಶವಿಲ್ಲ. ನಾಣ್ಯ ಹಾಕಿ ಆಡುವ ಯಂತ್ರಕ್ಕೆ ತಯಾರಿಸಿದ ಆವೃತ್ತಿಯ ಬೋನಸ್ ಸುತ್ತಿನಲ್ಲಿ ಆ ಆಸೆಯನ್ನೂ ಪೂರೈಸಿದ್ದರು.

ಪ್ರಶ್ನೆ: ಕಾಂಟ್ರಾ ಆಟದ ಆರಂಭದಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ 30 ಲೈಫ್ ಸಿಗುತ್ತಿತ್ತು. ಈ ಮಂತ್ರವನ್ನು ಕಟ್ಟಿದವರು ಯಾರು, ಅದು ನಮ್ಮ ಊರಿಗೆ ಹೇಗೆ ಬಂತು?
— ಔಷಧಿ ಅಂಗಡಿಯವರು, ಅರಸೀಕೆರೆ

ಉತ್ತರ: ಕಟ್ಟಿದವರು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. ಗ್ರೇಡಿಯಸ್ ಎಂಬ ಆಟವನ್ನು 1986ರಲ್ಲಿ ಮನೆಯ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷಿಸಲು ಕೊನೆಯವರೆಗೆ ಆಡಿ ನೋಡಬೇಕಾಗಿತ್ತು, ಆದರೆ ಅದು ಅವರಿಗೇ ಬಹಳ ಕಠಿಣವಾಗಿತ್ತು. ಅದಕ್ಕಾಗಿ ಎಲ್ಲ ಶಕ್ತಿಗಳನ್ನು ಒಮ್ಮೆಗೇ ಕೊಡುವ ಈ ಗುಂಡಿಗಳ ಸರಣಿಯನ್ನು ತಮ್ಮ ಅನುಕೂಲಕ್ಕೆ ಸೇರಿಸಿಕೊಂಡರು, ಅದು ಹಾಗೆಯೇ ಆಟದಲ್ಲಿ ಉಳಿದುಬಿಟ್ಟಿತು. 1988ರಲ್ಲಿ ಅಮೆರಿಕದ ಮನೆಯಂತ್ರಕ್ಕೆ ಬಂದ ಕಾಂಟ್ರಾದಲ್ಲಿ ಅದೇ ಸರಣಿ 3 ಲೈಫನ್ನು 30ಕ್ಕೆ ಏರಿಸಿ ಲೋಕಪ್ರಸಿದ್ಧವಾಯಿತು. ಹಶಿಮೊಟೊ 2020ರಲ್ಲಿ ತೀರಿಕೊಂಡಾಗ ಎಷ್ಟೋ ದೇಶಗಳ ನಡುವಯಸ್ಕರು ಆ ಹತ್ತು ಗುಂಡಿಗಳ ಸರಣಿಯನ್ನೇ ಬರೆದು ನಮನ ಸಲ್ಲಿಸಿದರು. ಇನ್ನು ಅರಸೀಕೆರೆಗೆ ಬಂದ ಬಗೆ: ರೈಲ್ವೆ ಜಂಕ್ಷನ್ ಇರುವ ಊರು ನಿಮ್ಮದು, ಬೇಸಿಗೆ ರಜೆಗೆ ಬಂದಿಳಿದ ಯಾರದೋ ಚಿಕ್ಕಮ್ಮನ ಮಗ ತಂದಿರಬೇಕು. ಅಂತರ್ಜಾಲಕ್ಕೆ ಮೊದಲು ಇಂಥ ವಿದ್ಯೆಗಳೆಲ್ಲ ಸಂಚರಿಸಿದ್ದು ಹಾಗೆಯೇ.

ಪ್ರಶ್ನೆ: ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಹೊರಗೆ ಚಪ್ಪಲಿ ಬಿಟ್ಟು, ಸಾಲಾಗಿ ಒಳಗೆ ಹೋಗಿ, ಮೇಷ್ಟರು ಆಚೆ ಹೋದ ಕೂಡಲೇ ಡೇವ್ ಮತ್ತು ಪ್ರಿನ್ಸ್ ಆಡುತ್ತಿದ್ದೆವು. ಈ ಆಟಗಳ ಹಿನ್ನೆಲೆ ತಿಳಿಸಿ. ಕಾನೂನಿಗೆ ವಿರೋಧವಾಗದಂತೆ ಮತ್ತೆ ಆಡುವ ದಾರಿ ಇದೆಯೇ?
— ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ಡೇಂಜರಸ್ ಡೇವ್ ಆಟವನ್ನು ಬರೆದವರು ಜಾನ್ ರೊಮೆರೊ, 1988ರಲ್ಲಿ, ಆಪಲ್ 2 ಕಂಪ್ಯೂಟರಿಗಾಗಿ. ನೀವು ಶಾಲೆಯಲ್ಲಿ ಆಡಿದ್ದು ಅನಂತರ ಡಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಗೆ ಬಂದ 10 ಹಂತಗಳ ಆವೃತ್ತಿ: ಟ್ರೋಫಿ ಕಪ್ಪನ್ನು ತೆಗೆದುಕೊಳ್ಳದೆ ಬಾಗಿಲು ತೆರೆಯದು, ಕೆಲವು ಹಂತಗಳಲ್ಲಿ ಬೆನ್ನಿಗೆ ಜೆಟ್ ಕಟ್ಟಿಕೊಂಡು ಹಾರದೆ ಗತಿಯಿಲ್ಲ. ಅದೇ ರೊಮೆರೊ ಕೆಲವೇ ವರ್ಷಗಳಲ್ಲಿ ಗೆಳೆಯರೊಂದಿಗೆ ಸೇರಿ 1993ರ ಡಿಸೆಂಬರಿನಲ್ಲಿ ಡೂಮ್ ಹೊರತಂದರು. ಹಾಸನದ ಕಂಪ್ಯೂಟರ್ ಕೊಠಡಿಯಲ್ಲಿ ವಜ್ರ ಹೆಕ್ಕುತ್ತಿದ್ದ ಕೆಂಪು ಟೋಪಿಯ ಹುಡುಗನಿಗೂ ಲೋಕವನ್ನು ಬೆಚ್ಚಿಬೀಳಿಸಿದ ಆ ಬಂದೂಕಿನ ಆಟಕ್ಕೂ ಜನಕರೊಬ್ಬರೇ ಎಂದರೆ ನಿಮ್ಮ ಸಹಪಾಠಿಗಳು ನಂಬಲಿಕ್ಕಿಲ್ಲ.

ಪ್ರಿನ್ಸ್ ಆಫ್ ಪರ್ಷಿಯಾದ ಕಥೆ ಇನ್ನೂ ಚೆನ್ನಾಗಿದೆ. ಜೋರ್ಡನ್ ಮೆಕ್ನರ್ ಎಂಬ ಯುವಕ ತನ್ನ ತಮ್ಮ ಡೇವಿಡ್‌ಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ, ವಿಡಿಯೊ ಚಿತ್ರೀಕರಿಸಿಕೊಂಡು, ಅದರ ಒಂದೊಂದು ಚೌಕಟ್ಟನ್ನೂ ಕಂಪ್ಯೂಟರಿನ ಚುಕ್ಕೆಗಳಾಗಿ ತಿದ್ದಿದರು. ರಾಜಕುಮಾರ ಅಂಚನ್ನು ಹಿಡಿದು ನೇತಾಡಿ ಮೇಲೇರುವಾಗ ಮನುಷ್ಯನ ಮೈಭಾರ ಕಾಣಿಸುವುದು ಆ ಕಾರಣದಿಂದ. ಆಟ 1989ರಲ್ಲಿ ಬಂತು. ಇಷ್ಟೆಲ್ಲ ಚಲನೆಗಳಿಗೆ ಕಂಪ್ಯೂಟರಿನ ಮೆಮೊರಿ ಖರ್ಚಾಗಿ ಶತ್ರುವಿಗೆ ಬೇರೆ ಚಿತ್ರ ಇಡಲು ಜಾಗವೇ ಇರಲಿಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಗಣಿತದ ಕ್ರಿಯೆಯಿಂದ ವಿಕಾರಗೊಳಿಸಿ, ಕನ್ನಡಿಯನ್ನು ಸೀಳಿ ಹೊರಬರುವ ಆ ನೆರಳು ಮನುಷ್ಯನನ್ನು ಸೃಷ್ಟಿಸಿದರು. ಕೊನೆಗೆ ಅವನೊಂದಿಗೆ ಹೊಡೆದಾಡದೆ ಕತ್ತಿಯನ್ನು ಒಳಗೆ ಹಾಕಬೇಕೆಂಬುದು ನಿಮ್ಮ ತರಗತಿಯಲ್ಲಿ ಯಾರಿಗೆ ಮೊದಲು ಹೊಳೆಯಿತೋ, ಅವರಿಗೆ ಆ ವಾರ ಮೇಷ್ಟರಿಗಿಂತ ಹೆಚ್ಚು ಗೌರವ ಸಿಕ್ಕಿರಬೇಕು. ರಾಜಕುಮಾರಿಗೆ ಉಳಿದಿದ್ದ ಸಮಯ 60 ನಿಮಿಷ. ಶಾಲೆಯ ಪೀರಿಯಡ್ ಅದಕ್ಕಿಂತ ಚಿಕ್ಕದಾಗಿದ್ದರಿಂದ ಎಷ್ಟೋ ಮಂದಿ ಆಕೆಯ ಕೋಣೆಯವರೆಗೆ ತಲುಪಲೇ ಇಲ್ಲ. ಆಟದ ಪ್ರೋಗ್ರಾಮಿನ ಮೂಲ ಬರಹ ಕಳೆದುಹೋಯಿತೆಂದು ಭಾವಿಸಿದ್ದ ಮೆಕ್ನರ್‌ಗೆ 2012ರಲ್ಲಿ ತಂದೆಯ ಮನೆಯ ಕಪಾಟಿನಿಂದ ಹಳೆಯ ಫ್ಲಾಪಿಗಳು ಸಿಕ್ಕವು, ಅವರು ಅದನ್ನು ಎಲ್ಲರೂ ಓದಲೆಂದು ಅಂತರ್ಜಾಲದಲ್ಲಿ ಇಟ್ಟಿದ್ದಾರೆ.

ಕಾನೂನಿನ ವಿಷಯ ಇಷ್ಟು ಸರಳವಲ್ಲ. ಆಟ ಹಳೆಯದಾಯಿತೆಂದ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯಂತೆಯೇ ರಕ್ಷಿಸುತ್ತದೆ, ಆ ಲೆಕ್ಕದಲ್ಲಿ ಈ ಆಟಗಳೆಲ್ಲ ಇನ್ನೂ ಎಳೆಯವು. ಇನ್ನೊಂದೆಡೆ, ಹಣ ಕೊಡುತ್ತೇನೆಂದರೂ ಹೆಚ್ಚಿನವು ಅಂಗಡಿಯಲ್ಲಿ ಇಲ್ಲ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲಿಲ್ಲ. ಡೂಮ್ ಇಂದಿಗೂ ಕೊಳ್ಳಲು ಸಿಗುತ್ತದೆ. ಉಳಿದವುಗಳಿಗೆ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯವಿದೆ. ಅದು 2015ರಿಂದ ಸಾವಿರಾರು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡಲು ಬಿಟ್ಟಿದೆ. ಪೇಟೆಯಲ್ಲಿ ಯಾರೋ ಪೆನ್‌ಡ್ರೈವಿಗೆ ತುಂಬಿಸಿಕೊಡುವ ಸಾವಿರ ಆಟಗಳನ್ನು ಮಾತ್ರ ಬೇಡವೆನ್ನಿ. ಆಟಕ್ಕಿಂತ ಹೆಚ್ಚಾಗಿ ಅದರೊಂದಿಗೆ ಬರುವ ವೈರಸ್ಸುಗಳು ನಿಮ್ಮ ಕಚೇರಿಯ ಕಂಪ್ಯೂಟರಿಗೆ ಹಿತವಲ್ಲ.

ಪ್ರಶ್ನೆ: ನಿಮ್ಮ ಗೇಮ್‌ಗಳೆಲ್ಲ ಸುಲಭ, ನಮ್ಮ ಕಾಲದ್ದು ಕಷ್ಟ ಎಂದು ಅಪ್ಪ ಹೇಳುತ್ತಾರೆ. ನಿಜವೇ?
— ಏಳನೆಯ ತರಗತಿಯ ವಿದ್ಯಾರ್ಥಿ, ಬೇಲೂರು

ಉತ್ತರ: ಮಗು, ನಿನ್ನ ತಂದೆಯವರ ಮಾತು ನಿಜ. ಆದರೆ ಕಷ್ಟದ ಕಾರಣವನ್ನೂ ನೀನು ತಿಳಿದಿರಬೇಕು. ಆ ಆಟಗಳ ಪೂರ್ವಜರು ನಾಣ್ಯ ಹಾಕಿ ಆಡುವ ಯಂತ್ರಗಳು. ಆಡುವವನು ಬೇಗ ಸೋತರೆ ತಾನೇ ಇನ್ನೊಂದು ನಾಣ್ಯ ಬೀಳುವುದು? ಮನೆಗೆ ಬಂದ ಮೇಲೂ ಆ ಗುಣ ಬಿಡಲಿಲ್ಲ, ಏಕೆಂದರೆ ಕ್ಯಾಸೆಟ್ಟಿನಲ್ಲಿ ಹಿಡಿಯುವ ಆಟ ಸಣ್ಣದು. ಅದನ್ನು ಸುಲಭ ಮಾಡಿದ್ದರೆ ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತಿತ್ತು. ಮೂರು ಲೈಫು ಮುಗಿದರೆ ಮತ್ತೆ ಮೊದಲಿನಿಂದ. ನಡುವೆ ಕರೆಂಟು ಹೋದರೂ ಮೊದಲಿನಿಂದ.

ಆದರೂ ಮಾರಿಯೋದಲ್ಲಿ ಒಂದು ಒಳದಾರಿ ಇತ್ತು. ಆಟ ಮುಗಿದು ಮೊದಲ ಪರದೆ ಬಂದಾಗ ಎ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದಲೇ ಮುಂದುವರಿಯಬಹುದು. ಇದು ತಂದೆಯವರಿಗೆ ಗೊತ್ತಿತ್ತೇ ಎಂದು ಕೇಳಿ ನೋಡು. ಗೊತ್ತಿತ್ತೆಂದರೆ ಅವರು ಹೇಳುವ ಕಷ್ಟದಲ್ಲಿ ಸ್ವಲ್ಪ ಕಡಿತ ಮಾಡಿಕೊಳ್ಳಬಹುದು.

ಅವರು ಕೈಯಲ್ಲಿ ಹಿಡಿದು ಆಡುತ್ತಿದ್ದ ಬ್ರಿಕ್ ಗೇಮ್ ಇತ್ತಲ್ಲ, ಅದರ ಮೂಲವಾದ ಟೆಟ್ರಿಸ್ ಅನ್ನು ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ಮಾಸ್ಕೋದ ಒಂದು ಸಂಶೋಧನಾ ಕೇಂದ್ರದಲ್ಲಿ ಬಿಡುವಿನ ವೇಳೆಯಲ್ಲಿ ಬರೆದರು. ಅದಕ್ಕೆ ಕೊನೆಯೇ ಇಲ್ಲ, ಇಟ್ಟಿಗೆಗಳು ಬೀಳುತ್ತಲೇ ಇರುತ್ತವೆ. ಆದರೆ 1989ರ ನಿಂಟೆಂಡೊ ಆವೃತ್ತಿಯನ್ನು ಅಮೆರಿಕದ ವಿಲ್ಲಿಸ್ ಗಿಬ್ಸನ್ ಎಂಬ ಹುಡುಗ 2023ರ ಡಿಸೆಂಬರಿನಲ್ಲಿ 157ನೆಯ ಹಂತದವರೆಗೆ ಆಡಿದಾಗ, ಯಂತ್ರಕ್ಕೇ ಲೆಕ್ಕ ತಪ್ಪಿ ಆಟ ಸ್ತಬ್ಧವಾಯಿತು. ಮನುಷ್ಯನೊಬ್ಬ ಆ ಆಟವನ್ನು ಅಲ್ಲಿಗೆ ಮುಟ್ಟಿಸಿದ್ದು ಅದೇ ಮೊದಲು. ಅವನಿಗೆ ಆಗ 13 ವರ್ಷ, ನಿನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಅಪ್ಪನಿಗೆ ಇದನ್ನು ಊಟವಾದ ಮೇಲೆ ಹೇಳು.

ಪ್ರಶ್ನೆ: ಮನೆ ಬದಲಿಸುವಾಗ ಅಟ್ಟದ ಮೇಲೆ ನನ್ನ ಹಳೆಯ ವಿಡಿಯೊ ಗೇಮ್, ಎರಡು ರಿಮೋಟು, ಅಡಾಪ್ಟರ್ ಮತ್ತು ಕ್ಯಾಸೆಟ್ಟುಗಳು ಸಿಕ್ಕಿವೆ. ಹಾಗೆಯೇ ಹಾಕಿ ನೋಡಬಹುದೇ?
— ಸಾಲಗಾಮೆ ರಸ್ತೆ ನಿವಾಸಿ, ಹಾಸನ

ಉತ್ತರ: ದಯವಿಟ್ಟು ಹಾಗೆಯೇ ಹಾಕಬೇಡಿ. ಮೊದಲು ಅಡಾಪ್ಟರನ್ನು ಯಂತ್ರಕ್ಕೆ ಜೋಡಿಸದೆ, ಮಲ್ಟಿಮೀಟರಿನಿಂದ ಅದರ ವೋಲ್ಟೇಜನ್ನೂ ಧನ ಋಣಗಳನ್ನೂ ಪರೀಕ್ಷಿಸಿಕೊಳ್ಳಿ. ಈ ನಕಲಿ ಯಂತ್ರಗಳಲ್ಲಿ ಪ್ಲಗ್ಗಿನ ಒಳಭಾಗ ಧನವೋ ಋಣವೋ ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ ಇರುವುದರಿಂದ, ಬೇರೆ ಅಡಾಪ್ಟರ್ ತಂದರೆ ಹಳೆಯದರ ಮೇಲಿನ ಗುರುತನ್ನು ನೋಡಿಯೇ ತರಬೇಕು. ಕ್ಯಾಸೆಟ್ಟಿನ ಲೋಹದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಊದುವ ವಿಚಾರವನ್ನು ಮೇಲೆ ಹೇಳಿಯಾಗಿದೆ.

ಟಿ.ವಿ.ಗೆ ಜೋಡಿಸಲು ಯಂತ್ರದ ಹಿಂದೆ ಹಳದಿ ಮತ್ತು ಬಿಳಿಯ ಎ.ವಿ. ತೂತುಗಳಿದ್ದರೆ ಅವನ್ನೇ ಬಳಸಿ. ಕೇವಲ ಆಂಟೆನಾ ವೈರು ಇದ್ದರೆ, ಟಿ.ವಿ.ಯಲ್ಲಿ ಅನಲಾಗ್ ಚಾನೆಲ್ ಹುಡುಕುವ ಸೌಲಭ್ಯವಿರಬೇಕು. ಇಲ್ಲದಿದ್ದರೆ ಒಂದು ಹಳೆಯ ವಿ.ಸಿ.ಆರ್. ಮೂಲಕ ಹಾಯಿಸಿ ಎ.ವಿ. ಮಾಡಿಕೊಳ್ಳಬಹುದು. ಇಸ್ರೋ ಸಂಸ್ಥೆ ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸಲು 1982ರಿಂದ ನಡೆಸುತ್ತಿರುವ ಕೇಂದ್ರವೂ ನಿಮ್ಮ ರಸ್ತೆಯಲ್ಲೇ ಇದೆ. ಅದರ ನೆರೆಹೊರೆಯಲ್ಲೇ ಮಕ್ಕಳು ಟಿ.ವಿ.ಯ ಸಣ್ಣ ತಿರುಪನ್ನು ತಿರುವುತ್ತಾ ಮಾರಿಯೋನ ಚಾನೆಲಿಗಾಗಿ ಪಟ್ಟ ಪಾಡು ನಿಮಗೂ ಗೊತ್ತಿರಬೇಕು. ಹೊಸ ಟಿ.ವಿ.ಯಲ್ಲಿ ಚಿತ್ರದ ಅಳತೆಯನ್ನು ನಾಲ್ಕಕ್ಕೆ ಮೂರು ಎಂದು ಆರಿಸಿಕೊಳ್ಳದಿದ್ದರೆ ಮಾರಿಯೋ ಅಡ್ಡಡ್ಡ ಊದಿಕೊಂಡಂತೆ ಕಾಣುತ್ತಾನೆ.

ಚಾಲೂ ಆದ ಮೇಲೆ ಮೇಲ್ಭಾಗ ಸ್ವಲ್ಪ ಬೆಚ್ಚಗಾಗುವುದು ಸಹಜ, ಒಳಗಿರುವ ರೆಗ್ಯುಲೇಟರ್ ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ. ಕೈಯಿಡಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಕೂಡಲೇ ಆರಿಸಿ, ಪಿಕ್ಚರ್ ಟ್ಯೂಬ್ ಟಿ.ವಿ.ಗಳ ಕೆಲಸ ಬಲ್ಲ ಹಳಬರೊಬ್ಬರಲ್ಲಿಗೆ ಒಯ್ಯಿರಿ. ರೆಗ್ಯುಲೇಟರ್, ವೈರು ಅಥವಾ ರಿಮೋಟಿನ ರಬ್ಬರ್ ಗುಂಡಿ ಕೆಟ್ಟಿದ್ದರೆ ಅಲ್ಪ ಖರ್ಚಿನಲ್ಲಿ ಸರಿಯಾಗುತ್ತದೆ. ಬೋರ್ಡಿನ ನಡುವೆ ಕಪ್ಪು ಅಂಟಿನ ಬೊಟ್ಟಿನಡಿ ಮುಚ್ಚಿಟ್ಟ ಮುಖ್ಯ ಚಿಪ್ಪೇ ಹೋಗಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ರಿಮೋಟುಗಳನ್ನೂ ಕ್ಯಾಸೆಟ್ಟುಗಳನ್ನೂ ತೆಗೆದಿಟ್ಟುಕೊಂಡು, ಅದೇ 60 ಪಿನ್ನಿನ ಇನ್ನೊಂದು ಹಳೆಯ ಯಂತ್ರವನ್ನು ಹುಡುಕಿ.